ಗ್ರಫಾನಾದಲ್ಲಿ ಸುಮ್‌ಸುಮ್ನೆ ಬರುತ್ತಿದ್ದ ಅಲರ್ಟ್

ಸರ್ವರ್‌ಗಳ ಅಂಕಿಅಂಶ ಸಂಗ್ರಹಿಸುವ ಪ್ರೊಮೀಥಿಯಸ್, ಅದನ್ನು ತೋರಿಸಿ ಅಲರ್ಟ್ ಕಳಿಸುವ ಗ್ರಫಾನಾ ಎರಡನ್ನೂ ಡಾಕರ್ ಕಂಪೋಸ್‌ನಲ್ಲಿ ಶುರು ಮಾಡಿದ್ದೆ. ಅದರಲ್ಲಿ ಒಂದೊಂದು ಪ್ರೋಗ್ರಾಂ ಕಂಟೇನರ್ ಎಂಬ ಬೇರೆ ಬೇರೆ ಪೆಟ್ಟಿಗೆಯಲ್ಲಿ ಓಡುತ್ತದೆ. ಗ್ರಫಾನಾದಲ್ಲಿ ಡೇಟಾ ಸೋರ್ಸ್ (ಡೇಟಾ ಎಲ್ಲಿಂದ ತರಬೇಕು) ವಿಳಾಸಕ್ಕೆ ಲೋಕಲ್‌ಹೋಸ್ಟ್ (ಅಂದರೆ 'ಇದೇ ಯಂತ್ರ'), ಪೋರ್ಟ್ 9090 ಕೊಟ್ಟೆ. 'ಕನೆಕ್ಷನ್ ರಿಫ್ಯೂಸ್ಡ್' ಅಂತು. ಬ್ರೌಸರ್‌ನಲ್ಲಿ ಮಾತ್ರ ಅದೇ ವಿಳಾಸ ಚೆನ್ನಾಗಿ ತೆರೆಯುತ್ತಿತ್ತು! ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ ಅಲ್ವಾ? ಅದರ ಬದಲು ಕಂಪೋಸ್ ಫೈಲ್‌ನಲ್ಲಿ ಪ್ರೊಮೀಥಿಯಸ್‌ಗೆ ಕೊಟ್ಟಿದ್ದ ಸರ್ವಿಸ್ ಹೆಸರು ಹಾಕಿದೆ, ಹಸಿರು ಟಿಕ್ ಬಂತು.

ಜಾಸ್ತಿ ತಲೆ ತಿಂದಿದ್ದು ಅಲರ್ಟ್. ಸರ್ವರ್ ಬಿದ್ದರೆ ತಿಳಿಯಲಿ ಅಂತ 'ಅಪ್ == 0' ಎಂದು ಕ್ವೆರಿ ಬರೆದಿದ್ದೆ ('ಅಪ್' ಬೆಲೆ ಸರ್ವರ್ ಸಿಕ್ಕರೆ 1, ಸಿಗದಿದ್ದರೆ 0). ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ ರಾತ್ರಿ ಎರಡು ಗಂಟೆಗೆ ಮೇಲ್: 'ನೋ ಡೇಟಾ'. ನೆಟ್‌ವರ್ಕ್ ಮೇಲೆ ಅನುಮಾನಪಟ್ಟು ಅರ್ಧ ದಿನ ಹಾಳು ಮಾಡಿಕೊಂಡೆ. ತಪ್ಪು ನನ್ನದೇ. ಯಾವುದೂ ಬಿದ್ದಿಲ್ಲದಿದ್ದರೆ ಆ ಕ್ವೆರಿಗೆ ಸಿಗುವ ಉತ್ತರವೇ ಖಾಲಿ. ಅದನ್ನು ಗ್ರಫಾನಾ 'ಡೇಟಾ ಬರುತ್ತಿಲ್ಲ' ಅಂತ ಓದುತ್ತದೆ.

ಡೇಟಾ ಇಲ್ಲದಿದ್ದರೆ 'ನಾರ್ಮಲ್' ಅಂತ ಸೆಟ್ ಮಾಡಿ ಅದರ ಬಾಯಿ ಮುಚ್ಚಿಸಬಹುದಿತ್ತು. ಆಮೇಲೆ ಪ್ರೊಮೀಥಿಯಸ್ ಗಮನಿಸುವ ಟಾರ್ಗೆಟ್ಟೇ ಪಟ್ಟಿಯಿಂದ ಮಾಯವಾದರೆ ಗೊತ್ತಾಗುವುದು ಹೇಗೆ? ಹಾಗಾಗಿ ಕ್ವೆರಿಯಲ್ಲಿ ಬರೀ 'ಅಪ್' ಉಳಿಸಿ, '1ಕ್ಕಿಂತ ಕಡಿಮೆ' ಎಂಬ ಷರತ್ತನ್ನು ಗ್ರಫಾನಾ ಅಲರ್ಟಿನ ಥ್ರೆಶೋಲ್ಡ್‌ನಲ್ಲಿ (ಮಿತಿ) ಹಾಕಿದೆ. ಪೆಂಡಿಂಗ್ ಅವಧಿ, ಅಂದರೆ ಅಲರ್ಟ್ ಕಳಿಸುವ ಮುಂಚೆ ಕಾಯುವ ಸಮಯ, 5 ನಿಮಿಷ. ಪ್ರೊಮೀಥಿಯಸ್‌ಗೆ ಅಂಕಿಅಂಶ ಒದಗಿಸುವ ಒಂದು ಎಕ್ಸ್‌ಪೋರ್ಟರನ್ನು ಬೇಕಂತಲೇ ನಿಲ್ಲಿಸಿ, ಟೀ ಕುಡಿದು ಬಂದೆ. ಮೇಲ್ ಬಂದು ಕೂತಿತ್ತು.