ಮಗುವಿನ ಕಕ್ಕದ ಬಣ್ಣ ನೋಡಿ: ಬಿಲಿಯರಿ ಅಟ್ರೇಸಿಯಾ ಮತ್ತು ನಮ್ಮ ಮನೆ

ಹುಟ್ಟಿದ ಮಗುವಿಗೆ ಕಾಮಾಲೆ ಬರುವುದು ಮಾಮೂಲಿ. ಆದರೆ ಎರಡು ವಾರ ಕಳೆದರೂ ಕಣ್ಣಿನ ಹಳದಿ ಹೋಗದಿದ್ದರೆ ಸುಮ್ನೆ ಬಿಸಿಲಿಗೆ ಹಿಡಿದುಕೊಂಡು ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ, ಮೈ ಹಳದಿ ಮಾಡುವ ಬಿಲಿರುಬಿನ್ ಒಟ್ಟು ಎಷ್ಟು ಅನ್ನುವುದರ ಜೊತೆಗೆ ಡೈರೆಕ್ಟ್ ಬಿಲಿರುಬಿನ್, ಅಂದರೆ ಪಿತ್ತದ ಜೊತೆ ಹೊರಗೆ ಹೋಗಬೇಕಾದ ಭಾಗ, ಎಷ್ಟು ಅಂತಲೂ ಕೇಳಿ. ನನ್ನ ಮಗಳಿಗೆ ಏರಿದ್ದು ಅದೇ.

ಬಾಣಂತಿ ಕೋಣೆ ಕತ್ತಲೆ. ಮೇಲಿಂದ ಮಗುವಿಗೆ ಅರಿಶಿನ ಹಚ್ಚಿ ನೀರು ಹಾಕುತ್ತಾರೆ. ಇನ್ನು ಹಳದಿ ಯಾರ ಕಣ್ಣಿಗೆ ಬೀಳಬೇಕು ಹೇಳಿ? ನಮಗೆ ಸುಳಿವು ಸಿಕ್ಕಿದ್ದು ಒಗೆಯುವ ಬಟ್ಟೆಯಲ್ಲಿ. ಎದೆಹಾಲು ಕುಡಿಯುವ ಕೂಸಿನ ಕಕ್ಕ ಹಳದಿ ಇರಬೇಕಲ್ವಾ, ಇವಳದ್ದು ಕಲಸಿದ ಅಕ್ಕಿಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು, ಉಚ್ಚೆ ನೋಡಿದರೆ ಎಷ್ಟು ಒಗೆದರೂ ಹೋಗದ ಹಳದಿ ಕಲೆ. ಇದನ್ನು ಮೊದಲು ಗಮನಿಸಿದ್ದು ನನ್ನಮ್ಮ. ಕಿಟಕಿ ಬೆಳಕಲ್ಲಿ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿದೆ. ತೈವಾನಿನಲ್ಲಿ 2004ರಿಂದ ಕಕ್ಕದ ಬಣ್ಣದ ಕಾರ್ಡನ್ನೇ ತಾಯಂದಿರ ಕೈಗೆ ಕೊಡುತ್ತಾರೆ. ನಮ್ಮ ಪ್ರತಿ ತಾಯಿ ಕಾರ್ಡಿಗೂ ಅಂಥದ್ದೊಂದು ಅಂಟಿಸಬೇಕು ಅನ್ನಿಸುತ್ತದೆ.

ಬಿಲಿಯರಿ ಅಟ್ರೇಸಿಯಾ ಅನ್ನುವ ಈ ಕಾಯಿಲೆಯಲ್ಲಿ ಲಿವರಿಂದ ಕರುಳಿಗೆ ಹೋಗುವ ಪಿತ್ತನಾಳ ಮುಚ್ಚಿಹೋಗಿರುತ್ತದೆ. ಕಕ್ಕಕ್ಕೆ ಬಣ್ಣ ಕೊಡುವ ಪಿತ್ತ ಕರುಳಿಗೆ ಇಳಿಯದೆ ಲಿವರಲ್ಲೇ ನಿಂತು ಅದನ್ನೇ ಕೆಡಿಸುತ್ತದೆ. ನೆಂಟರೆಲ್ಲ ನಾಟಿ ಔಷಧಿ ಹೇಳಿದರು. ಇಳಿಯಲು ದಾರಿಯೇ ಇಲ್ಲದಿದ್ದರೆ ಸೊಪ್ಪಿನ ರಸ ಏನು ಮಾಡೀತು? ಆಗಬೇಕಾದ್ದು ಕಸಾಯಿ ಆಪರೇಷನ್, ಜಪಾನಿನ ಮೊರಿಯೊ ಕಸಾಯಿ 1950ರ ದಶಕದಲ್ಲಿ ಶುರು ಮಾಡಿದ್ದು. ಕೆಟ್ಟ ನಾಳ ತೆಗೆದು ಸಣ್ಣ ಕರುಳನ್ನೇ ಲಿವರಿಗೆ ಜೋಡಿಸುತ್ತಾರೆ. 60 ದಿನ ತುಂಬುವುದರೊಳಗೆ ಆದರೆ ಫಲ ಜಾಸ್ತಿ, ಅದಕ್ಕೇ ಇಷ್ಟು ಅವಸರ. ಆಪರೇಷನ್ ಆದ ಮೇಲೆ ಮೊದಲ ಸಲ ಹಸಿರು ಕಕ್ಕ ಕಂಡಾಗ ಮನೆಯವರಿಗೆಲ್ಲ ಫೋಟೋ ಕಳಿಸಿದೆವು. ನಗಬೇಡಿ.

ಮನೆಗೆ ಬಂದ ಮೇಲಿನ ಕೆಲಸವೇ ದೊಡ್ಡದು. ಪಿತ್ತ ಕಡಿಮೆ ಇದ್ದರೆ ಕೊಬ್ಬು ಜೀರ್ಣವಾಗುವುದಿಲ್ಲ, ಮಗು ಎಷ್ಟು ಕುಡಿದರೂ ತೂಕ ಏರುವುದಿಲ್ಲ. ಹಾಗಾಗಿ ಪಿತ್ತ ಕಡಿಮೆ ಇದ್ದರೂ ಮೈಗೆ ಹಿಡಿಯುವ ಎಂಸಿಟಿ ಎಣ್ಣೆಯನ್ನು ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡುತ್ತೇವೆ. ಕೊಬ್ಬಿನ ಜೊತೆಗೇ ಮೈಗೆ ಸೇರುವ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ತಪ್ಪಿಸುವುದಿಲ್ಲ. ಕೆ ಕಮ್ಮಿಯಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ಕಿವಿ ಚುಚ್ಚಿಸುವುದನ್ನು ಮುಂದೆ ಹಾಕಿದೆವು. ಅಜ್ಜಿಗೆ ಸ್ವಲ್ಪ ಬೇಜಾರಾಯಿತು, ಆಗಲಿ. ತುರಿಕೆ ಬೇರೆ. ರಾತ್ರಿ ಕೆನ್ನೆ ಪರಚಿಕೊಂಡು ಅಳುತ್ತಾಳೆ, ಉಗುರು ಕತ್ತರಿಸಿ ಕೈಗವಸು ಹಾಕಿ ಮಲಗಿಸುತ್ತೇನೆ.

ಜ್ವರ ಬಂದರೆ ಮಾತ್ರ ಒಂದು ರಾತ್ರಿ ಕಾದು ನೋಡೋಣ ಅನ್ನುವಂತಿಲ್ಲ. ಜೋಡಿಸಿದ ಕರುಳಿನಿಂದ ಸೋಂಕು ಲಿವರಿಗೆ ಏರಬಹುದು, ಅದಕ್ಕೆ ಕೋಲಾಂಜೈಟಿಸ್ ಅನ್ನುತ್ತಾರೆ, ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕವೇ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಒಮ್ಮೆ ನಡುರಾತ್ರಿ ಒಂದು ಆಸ್ಪತ್ರೆಯಲ್ಲಿ ಪ್ಯಾರಸಿಟಮಾಲ್ ಬರೆದು ಮನೆಗೆ ಹೋಗಿ ಅಂದರು. ಡಿಸ್ಚಾರ್ಜ್ ಕಾಗದದಲ್ಲಿ 'ಕಸಾಯಿ' ಇದ್ದ ಸಾಲು ತೋರಿಸಿ ಜಗಳವಾಡಿದ ಮೇಲೆ ನಮ್ಮ ಸರ್ಜನ್‌ಗೆ ಫೋನ್ ಮಾಡಿದರು. ಆ ಕಾಗದ ಈಗ ನನ್ನ ಬ್ಯಾಗಲ್ಲೇ ಇರುತ್ತದೆ.

ಕಸಾಯಿ ಆದವರಲ್ಲಿ ಬಹಳ ಮಕ್ಕಳಿಗೆ ಇವತ್ತಲ್ಲ ನಾಳೆ ಲಿವರ್ ಕಸಿ ಬೇಕಾಗುತ್ತದೆ. ಭಾರತದಲ್ಲಿ ಮಕ್ಕಳಿಗೆ ಮೊದಲ ಯಶಸ್ವಿ ಕಸಿ ಆಗಿದ್ದು 1998ರಲ್ಲಿ, ದೆಹಲಿಯಲ್ಲಿ. ಆ ಮಗುವಿಗೂ ಇದೇ ಕಾಯಿಲೆ, ಲಿವರಿನ ಒಂದು ಭಾಗ ಕೊಟ್ಟಿದ್ದು ಅಪ್ಪ. ಅವನು ಬೆಳೆದು ಡಾಕ್ಟರೇ ಆದ. ನಮ್ಮಲ್ಲಿ ಗುಂಪು ಹೊಂದುವುದು ನನ್ನ ರಕ್ತ, ಆದ್ದರಿಂದ ಕೊಡುವವಳು ನಾನೇ. ಸದ್ಯಕ್ಕೆ ಅವಳ ತೂಕ ಏರಿಸುವುದೇ ನಮ್ಮ ಕೆಲಸ.