ಬೆಕ್ಕಿಗೆ ನೀರನ್ನು ಉಣಿಸಬೇಕು

ನಾನು ಮದುವೆಯಾಗಿ ಬಂದದ್ದು ಕರಾವಳಿಯ ಹೆಂಚಿನ ಮನೆಗೆ. ಅಟ್ಟದ ತುಂಬ ಇಲಿ, ಅಕ್ಕಿಮುಡಿ ಉಳಿಯಬೇಕಾದರೆ ಬೆಕ್ಕು ಬೇಕೇ ಬೇಕಿತ್ತು. ಆ ಬೆಕ್ಕುಗಳಿಗೆಂದು ಅತ್ತೆ ಒಂದು ದಿನವೂ ನೀರಿನ ಬಟ್ಟಲು ಇಟ್ಟದ್ದನ್ನು ನಾನು ಕಂಡಿಲ್ಲ. ಆದರೂ ಅವು ಚೆನ್ನಾಗಿಯೇ ಇದ್ದವು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ, ಮೀನಿನ ತಲೆಯಲ್ಲೂ ಹಾಗೆಯೇ. ಬೆಕ್ಕಿನ ಮೂಲದವರು ಮರುಭೂಮಿಯ ಕಡೆಯ ಕಾಡುಬೆಕ್ಕುಗಳು. ಬೇಟೆಯಲ್ಲೇ ನೀರು ಸಿಗುತ್ತಿದ್ದುದರಿಂದ ಬಾಯಾರಿಕೆ ಎಂಬುದು ಈ ಜಾತಿಗೆ ಅಷ್ಟಾಗಿ ಹತ್ತಿದ್ದೇ ಇಲ್ಲ.

ಈಗ ಮಗಳ ಬೆಂಗಳೂರಿನ ಫ್ಲಾಟಿನಲ್ಲಿ ಇಲಿಯೂ ಇಲ್ಲ, ಮೀನಿನ ತಲೆಯೂ ಇಲ್ಲ. ಬೆಕ್ಕಿನ ಆಹಾರವೆಂದು ಪ್ಯಾಕೆಟ್ಟಿನಲ್ಲಿ ಬರುವ ಒಣ ಕಾಳು. ಅದರಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಆಹಾರದ್ದೂ ಸೇರಿ ಹೆಚ್ಚುಕಡಿಮೆ 200 ಮಿಲಿ ನೀರು ಬೇಕು. 60 ಗ್ರಾಂ ಕಾಳು ತಿಂದರೆ ಸಿಗುವುದು ಒಂದು ಚಮಚ. ಉಳಿದದ್ದನ್ನೆಲ್ಲ ಅದು ತಾನಾಗಿ ಕುಡಿಯಬೇಕು, ಅದು ಕುಡಿಯುವುದಿಲ್ಲ.

ಇದು ನನಗೆ ತಿಳಿದದ್ದು ಕೆಂಚನಿಂದ. ಕೆಂಚ ನಮ್ಮ ಗಂಡುಬೆಕ್ಕು. ಮೂರು ವರ್ಷ ಬರೀ ಕಾಳು ಹಾಕಿದೆ, ಸುಲಭ ನೋಡಿ. ಒಂದು ದಿನ ಮಲಮೂತ್ರಕ್ಕೆಂದು ಇಟ್ಟ ಮಣ್ಣಿನ ಟ್ರೇಗೆ ಹೋಗುವುದು, ತಿಣುಕುವುದು, ಅಳುವುದು, ಮತ್ತೆ ಹೋಗುವುದು. ಮಲಬದ್ಧತೆ ಎಂದುಕೊಂಡು ಹಗಲೆಲ್ಲ ಸುಮ್ಮನಿದ್ದೆ. ಮೂತ್ರ ಕಟ್ಟಿಕೊಂಡಿತ್ತು! ಗಂಡುಬೆಕ್ಕಿನ ಮೂತ್ರನಾಳ ಬಹಳ ಸಪೂರ, ಒಮ್ಮೆ ಮುಚ್ಚಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಪಶುವೈದ್ಯರು ನಳಿಕೆ ಹಾಕಿ ತೆಗೆದರು, ಕೆಂಚ ಉಳಿದ. ನೀರು ಕಡಿಮೆಯಾಗುವುದೊಂದೇ ಇದಕ್ಕೆ ಕಾರಣವಲ್ಲ, ಆದರೆ ಗಟ್ಟಿಮೂತ್ರ ಇದಕ್ಕೆ ದಾರಿ ಮಾಡಿಕೊಡುತ್ತದೆ. ನಿಮ್ಮ ಗಂಡುಬೆಕ್ಕು ಹೀಗೆ ಮಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಅಂದಿನಿಂದ ನಾನು ನೀರನ್ನು ಊಟದಲ್ಲೇ ಸೇರಿಸುತ್ತೇನೆ. ಬಂಗುಡೆಯನ್ನೋ ಕೋಳಿಯ ತುಂಡನ್ನೋ ನೀರಿನಲ್ಲಿ ಬೇಯಿಸಿ, ಮುಳ್ಳು ಮೂಳೆ ತೆಗೆದು, ಆ ಬೆಂದ ನೀರನ್ನು ಆರಿಸಿ ಕಾಳಿನ ಮೇಲೆ ಸುರಿಯುತ್ತೇನೆ. ಉಪ್ಪು ಹಾಕಬಾರದು. ಈರುಳ್ಳಿ, ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ; ನಮ್ಮ ಸಾರಿನಿಂದಲೇ ಒಂದು ಸೌಟು ತೆಗೆದು ಹಾಕುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. ಮೊದಲ ದಿನ ಒಂದೇ ಚಮಚ, ಅಭ್ಯಾಸವಾದ ಮೇಲೆ ಕಾಳು ಮುಳುಗುವಷ್ಟು. ನೆನೆದ ಕಾಳು ಸೆಕೆಗೆ ಬೇಗ ಹಳಸುತ್ತದೆ, ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಎತ್ತಿ ಚೆಲ್ಲಿ. ಮೀನು ಬೇಯಿಸದ ಮನೆಯವರು ಬರೀ ಬೆಚ್ಚಗಿನ ನೀರು ಹಾಕಿದರೂ ನಡೆಯುತ್ತದೆ, ವಾಸನೆ ಏಳುತ್ತದೆ. ಅಂಗಡಿಯಲ್ಲಿ ಸಿಗುವ ಒದ್ದೆ ಆಹಾರದ ಪೊಟ್ಟಣವೂ ಒಳ್ಳೆಯದೇ, ಬೆಲೆ ಮಾತ್ರ ಕೈ ಸುಡುತ್ತದೆ.

ಹಾಲು ಕೊಟ್ಟರಾಗದೇ ಎಂದು ಎಲ್ಲರೂ ಕೇಳುತ್ತಾರೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ನನಗೆ ಈಗ ಆ ಬೆಕ್ಕೇ ಜಾಣ ಎನಿಸುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಭೇದಿಯಾದರೆ ಮೈಯಲ್ಲಿದ್ದ ನೀರೂ ಹೋಯಿತು.

ಬಟ್ಟಲು ಬೇಡವೆಂದಲ್ಲ. ಅಗಲವಾದದ್ದು, ಮೀಸೆ ಅಂಚಿಗೆ ತಾಗದಂಥದ್ದು ಇರಲಿ. ಸ್ಟೀಲು ಅಥವಾ ಪಿಂಗಾಣಿಯದ್ದು. ಪ್ಲಾಸ್ಟಿಕ್ಕಿಗೆ ಗೀರು ಬಿದ್ದು ಕೊಳೆ ಕೂರುತ್ತದೆ. ಊಟದ ತಟ್ಟೆಯ ಪಕ್ಕ ಇಟ್ಟರೆ ಅನೇಕ ಬೆಕ್ಕುಗಳು ಮೂಸುವುದೂ ಇಲ್ಲ, ಟ್ರೇ ಹತ್ತಿರವಂತೂ ಕೇಳಲೇ ಬೇಡಿ. ಮನೆಯಲ್ಲಿ ಎರಡು ಮೂರು ಕಡೆ ಇಟ್ಟು, ದಿನವೂ ತೊಳೆದು ಹೊಸ ನೀರು ತುಂಬಿ. ಕೆಂಚನಿಗೆ ಬಚ್ಚಲಿನ ನಲ್ಲಿಯಿಂದ ತೊಟ್ಟಿಕ್ಕುವ ನೀರೇ ಇಷ್ಟ. ಹಾಗಾಗಿ ನಾನು ಸ್ನಾನಕ್ಕೆ ಹೋಗುವ ಮೊದಲು ಅವನ ಸರದಿ.

ಸಿರಿಂಜಿನಲ್ಲಿ ಬಲವಂತವಾಗಿ ಕುಡಿಸಲು ಹೋಗಬೇಡಿ, ನೀರು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಮೈಯಲ್ಲಿ ನೀರು ಸಾಕಷ್ಟಿದೆಯೇ ಎಂದು ತಿಳಿಯಲು ವಸಡನ್ನು ಬೆರಳಿನಿಂದ ಮುಟ್ಟಿ ನೋಡಿ. ಜಾರುವಂತಿರಬೇಕು, ಅಂಟಂಟಾಗಿದ್ದು ಬೆಕ್ಕು ಮಂಕಾಗಿದ್ದರೆ, ಒಂದು ದಿನದಿಂದ ಏನೂ ಮುಟ್ಟದಿದ್ದರೆ, ವೈದ್ಯರ ಬಳಿಗೆ.

ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ಕುಡಿಯತೊಡಗಿದರೆ ನನ್ನ ಮಗಳಂತೆ ಹಿಗ್ಗಬೇಡಿ. ಮೂತ್ರಪಿಂಡದ ತೊಂದರೆಗೋ ಸಕ್ಕರೆ ಕಾಯಿಲೆಗೋ ಅದು ಮುನ್ಸೂಚನೆ ಇರಬಹುದು. ಬೆಳಿಗ್ಗೆ ಅಳೆದು ಸುರಿಯಿರಿ, ಮರುದಿನ ಉಳಿದದ್ದನ್ನು ಅಳೆಯಿರಿ, ನಾಲ್ಕು ದಿನ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆಯೂ ಜೊತೆಗಿರಲಿ.