ಜವಳಿ ತೆಗೆಯಲು ಹೊರಟವರಿಗೆ, ಕೌಂಟರ್ ಈಚೆಯಿಂದ

ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಮ್ಯಾನೇಜರ್. ಅರ್ಧ ದಿನ ಲೆಕ್ಕ ನೋಡುತ್ತೇನೆ, ಇನ್ನರ್ಧ ದಿನ ಬಂದವರ ಮೊಬೈಲ್ ನೋಡುತ್ತೇನೆ. ಈಗ ಯಾರೂ "ಹಸಿರು ಸೀರೆ ತೋರಿಸಿ" ಅನ್ನುವುದಿಲ್ಲ. ಫೋನ್ ಮುಂದೆ ಹಿಡಿದು "ಇದೇ ಬೇಕು" ಅನ್ನುತ್ತಾರೆ. ನಿನ್ನೆ ರಾತ್ರಿ ಧಾರಾವಾಹಿಯಲ್ಲಿ ಸೊಸೆ ಉಟ್ಟ ಸೀರೆ, ಟಿವಿಯಿಂದಲೇ ಹೊಡೆದ ಫೋಟೊ, ಅದರ ಮೇಲೆ ಮನೆ ಟ್ಯೂಬ್‌ಲೈಟಿನ ಬಿಂಬ, ಮೂಲೆಯಲ್ಲಿ ಅತ್ತೆಯ ಅರ್ಧ ಮುಖ. ಬಣ್ಣ ಯಾವುದು ಅಂತ ನಮ್ಮ ಹುಡುಗರಲ್ಲೇ ಜಗಳ. ಒಬ್ಬ ನವಿಲು ಬಣ್ಣ ಅಂತಾನೆ, ಇನ್ನೊಬ್ಬ ಬಾಟಲಿ ಹಸಿರು ಅಂತಾನೆ. ಅಕ್ಕ ಮಾತ್ರ "ಅಲ್ಲಣ್ಣ, ಅದು ನೀಲಿ" ಅಂತ ಖಂಡಿತವಾಗಿ ಹೇಳುತ್ತಾರೆ.

ಮದುವೆ ಜವಳಿ ತೆಗೆಯಲು ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಗಾಡಿ ಮಾಡಿಕೊಂಡು ಬರುವವರನ್ನು ದಿನಾ ನೋಡುತ್ತೇನೆ. ಅವರು ಮಾಡುವ ತಪ್ಪು ಹೆಚ್ಚು ಕಡಿಮೆ ಅವೇ. ಹಾಗಾಗಿ ಅಂಗಡಿಯವನ ಬಾಯಿಂದಲೇ ಕೇಳಿ. ನಮ್ಮ ಮಾಲೀಕರು ಇದನ್ನು ಓದದಿದ್ದರೆ ಒಳ್ಳೆಯದು.

ಮೊದಲು ಆ ಫೋಟೊ ವಿಷಯ. ಫೋಟೊ ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಅಂಚಿನ ಅಗಲ ಎಷ್ಟು, ಬುಟ್ಟಾ ಇದೆಯೋ ಇಲ್ಲವೋ, ಸೆರಗು ತುಂಬು ಜರಿಯೋ ಸಾದಾನೋ, ಇಷ್ಟನ್ನು ತೋರಿಸಿ ಸಾಕು. ಬಣ್ಣವನ್ನು ಮಾತ್ರ ಫೋನಿನಿಂದ ಆರಿಸಬೇಡಿ. ಅಲ್ಲಿ ಶೂಟಿಂಗ್ ಲೈಟು, ಆಮೇಲೆ ಎಡಿಟಿಂಗ್, ಆಮೇಲೆ ನಿಮ್ಮ ಫೋನಿನ ಬ್ರೈಟ್‌ನೆಸ್ಸು. ಇಷ್ಟು ದಾಟಿ ಬಂದ ಬಣ್ಣ ಯಾವ ಮಗ್ಗದಲ್ಲೂ ಸಿಗುವುದಿಲ್ಲ. ಆನ್‌ಲೈನಿನ ಫೋಟೊದ ಕಥೆಯೂ ಅಷ್ಟೇ. ಮಾಡೆಲ್ ಮೈಗೆ ಅಷ್ಟು ಚೆಂದ ಕೂತ ಅಂಗಿಗೆ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿದಿರುವುದು ಮಾಮೂಲಿ. ನಾವೇ ಬೊಂಬೆಗೆ ಹಾಗೆ ಪಿನ್ ಹಾಕುತ್ತೇವೆ, ಬೇಕಾದರೆ ಬೊಂಬೆಯ ಹಿಂದೆ ಹೋಗಿ ನೋಡಿ.

ಅಂಗಡಿ ಲೈಟನ್ನೂ ನಂಬಬೇಡಿ. ಇದನ್ನು ನನಗೆ ಕಲಿಸಿದ್ದು ಒಬ್ಬ ಗಿರಾಕಿ. ಈ ಊರಿಗೆ ಮ್ಯಾಂಚೆಸ್ಟರ್ ಅಂತ ಹೆಸರು ತಂದದ್ದು ಹತ್ತಿ ಮಿಲ್ಲುಗಳು, ಅಲ್ವಾ? ಮಿಲ್ಲು ಹೋದವು, ಅಲ್ಲಿ ದುಡಿದವರ ಬೆರಳು ಇನ್ನೂ ಇವೆ. ಅಂಥ ಒಬ್ಬ ಯಜಮಾನರು ಮೊಮ್ಮಗಳ ಮದುವೆಗೆ ಅಂತ ಬಂದರು. ಮಗ, ಸೊಸೆ ಎಲ್ಲರೂ ಒಂದು ಸೀರೆ ಒಪ್ಪಿ ಬಿಲ್ಲಿಗೆ ಹೊರಟಾಗ ಅವರು ನನ್ನ ಕಡೆ ತಿರುಗಿ, "ತಮ್ಮಾ, ಒಂದ್ಸಲ ಲೈಟ್ ಆರಿಸಿ ತೋರಿಸು" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಕೊನೆಗೆ ಸೀರೆಯನ್ನು ಬಾಗಿಲ ಹತ್ತಿರ ಒಯ್ದು ಬಿಸಿಲಿಗೆ ಹಿಡಿದೆವು. ಒಳಗೆ ಕುಂಕುಮದ ಹಾಗಿದ್ದದ್ದು ಹೊರಗೆ ಇಟ್ಟಿಗೆ ಬಣ್ಣ ಆಗಿತ್ತು. ಆ ದಿನದ ವ್ಯಾಪಾರ ಹೋಯಿತು. ಆದರೆ ಅವರ ಮನೆಯವರು ಆಮೇಲೆ ಮೂರು ಸಲ ಬಂದಿದ್ದಾರೆ. ನೀವೂ ಬಾಗಿಲಿಗೆ ಒಯ್ಯಿರಿ. ಬೇಡ ಅಂದರೆ ಬೇರೆ ಅಂಗಡಿ ನೋಡಿ, ಮಂಡಿಪೇಟೆಯಲ್ಲಿ ಅಂಗಡಿಗೆ ಬರವೇ?

ಈಗ ಬಟ್ಟೆ ಪರೀಕ್ಷೆ. ಇದಕ್ಕೆ ಬಿಳಿ ಕರವಸ್ತ್ರ ಒಂದು ಬೇಕು. ತುದಿ ಒದ್ದೆ ಮಾಡಿ, ಬಟ್ಟೆಯ ಒಳಮಗ್ಗುಲಲ್ಲಿ ನಾಲ್ಕು ಸಲ ಉಜ್ಜಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಮನೆಯಲ್ಲೂ ಬಿಡುತ್ತದೆ. "ಮೊದಲನೇ ಸಲ ಉಪ್ಪುನೀರಲ್ಲಿ ನೆನೆಸಿ, ಬಣ್ಣ ನಿಲ್ಲುತ್ತೆ" ಅಂತ ನಮ್ಮ ಹುಡುಗರೂ ಹೇಳುತ್ತಾರೆ. ಅದು ಸುಮ್ನೆ ಮಾತು. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸ ಇದೆ, ನಿಮ್ಮ ಬಚ್ಚಲಿನ ಬಕೆಟ್ಟಿನಲ್ಲಿ ಇಲ್ಲ. ಬೇರೆಯಾಗಿ, ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಅಷ್ಟೇ.

ಆಮೇಲೆ ಬಟ್ಟೆಯನ್ನು ಬೆಳಕಿಗೆ ಅಡ್ಡ ಹಿಡಿದು ನೇಯ್ಗೆ ಒಂದೇ ಸಮ ಇದೆಯಾ ನೋಡಿ. ಎರಡು ಹೆಬ್ಬೆರಳಿನಿಂದ ಹೊಲಿಗೆಯ ಹತ್ತಿರ ಅಕ್ಕಪಕ್ಕ ಎಳೆಯಿರಿ. ನೂಲು ಜರುಗಿ ಸಂದಿ ಬಿಟ್ಟರೆ ಆ ಅಂಗಿ ನಾಲ್ಕು ಮದುವೆ ಊಟಕ್ಕೂ ಬಾಳುವುದಿಲ್ಲ.

ರೇಷ್ಮೆ ಆದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ 2004ರಲ್ಲಿ ಶುರುವಾದ ಗುರುತು ಅದು, ಹಾಲೊಗ್ರಾಂ ಇರುತ್ತದೆ. ಆದರೆ ಅದು ನೂಲು ಅಪ್ಪಟ ರೇಷ್ಮೆ ಅಂತ ಹೇಳುವ ಚೀಟಿ. ಜರಿ ಯಾವುದು ಅಂತ ನೀವೇ ಬಾಯಿಬಿಟ್ಟು ಕೇಳಬೇಕು. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಮೇಲೆ ಚಿನ್ನದ ನೀರು. 'ಟೆಸ್ಟೆಡ್ ಜರಿ' ಅಂದರೆ ಯಾರೋ ಪರೀಕ್ಷೆ ಮಾಡಿ ಪಾಸ್ ಮಾಡಿದ್ದು ಅಂದುಕೊಳ್ಳುತ್ತಾರೆ ಜನ, ಪಾಪ. ಅದು ತಾಮ್ರದ ಜರಿ. ಹಾಗಂತ ಅದು ಮೋಸ ಅಲ್ಲ, ಆದರೆ ಅಸಲಿ ಜರಿಯ ರೇಟು ಕೊಟ್ಟು ಅದನ್ನು ತಂದರೆ ಮೋಸ.

ಅನುಮಾನ ಇದ್ದರೆ ಕುಚ್ಚಿನ ಕಡೆಯ ಎರಡು ಎಳೆ ಕೇಳಿ ತಗೊಂಡು, ಹೊರಗೆ ಬಂದು ಬೆಂಕಿಕಡ್ಡಿ ಹಚ್ಚಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಕೈಯಲ್ಲಿ ಪುಡಿಯಾಗುವ ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ದಯವಿಟ್ಟು ಅಂಗಡಿ ಒಳಗೆ ಮಾತ್ರ ಮಾಡಬೇಡಿ, ಒಬ್ಬರು ಮಾಡಿದ್ದರು.

ರೇಷ್ಮೆ ಅಂದರೆ ಕಂಚಿ ಒಂದೇ ಅನ್ನುವವರಿಗೆ ನನ್ನದೊಂದು ಸಣ್ಣ ತಕರಾರು. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಮೊಳಕಾಲ್ಮೂರು ಇದೆ. ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಅಂದರೆ ಇದು ಆ ಊರಿನದೇ ಮಾಲು ಅನ್ನುವ ಸರಕಾರಿ ಗುರುತು. ಆದರೆ ನಮ್ಮವರು ಅದನ್ನು ಕೇಳುವುದೇ ಇಲ್ಲ, ಯಾಕಂದರೆ ರೀಲ್ಸಿನಲ್ಲಿ ಬಂದಿಲ್ಲ! ಇಳಕಲ್ ಕೇಳುವವರು ಪರವಾಗಿಲ್ಲ, ಈಗ ಜಾಸ್ತಿ ಆಗಿದ್ದಾರೆ. ಇಳಕಲ್ ತಗೊಳ್ಳುವಾಗ ಒಡಲು ಮುಗಿದು ಸೆರಗು ಶುರುವಾಗುವ ಜಾಗ ನೋಡಿ. ಕೈಮಗ್ಗದ ಇಳಕಲ್‌ನಲ್ಲಿ ಒಡಲಿನ ಹಾಸುನೂಲು (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆ) ಬೇರೆ, ಸೆರಗಿನದು ಬೇರೆ, ಎರಡನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಬೆರಳಾಡಿಸಿದರೆ ಆ ಸಾಲು ಸಿಗುತ್ತದೆ.

ಅಳತೆಯಲ್ಲಿ ಮೋಸ ಹೋಗುವವರು ಗಂಡಸರೇ ಜಾಸ್ತಿ. "ನನ್ನದು ಯಾವಾಗಲೂ ಎಲ್" ಅಂತ ಎದೆ ಉಬ್ಬಿಸುತ್ತಾರೆ. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಂ. ಮನೆಯಲ್ಲಿ ನಿಮಗೆ ಸರಿಯಾಗಿ ಕೂರುವ ಅಂಗಿಯ ಗುಂಡಿ ಹಾಕಿ, ಮಂಚದ ಮೇಲೆ ಹಾಸಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪ್ ಹಿಡಿದು, ಬಂದದ್ದನ್ನು ಎರಡರಷ್ಟು ಮಾಡಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲೂ ಹೊಸ ಅಂಗಿಯನ್ನು ಹಾಗೇ ಹಾಸಿ ಅಳೆಯಿರಿ. ಹತ್ತಿಯದಾದರೆ ಸ್ವಲ್ಪ ಸಡಿಲ ಇರಲಿ, ನೀರಿಗೆ ಬಿದ್ದ ಮೇಲೆ ಕುಗ್ಗುತ್ತದೆ. ಅಕ್ಕಂದಿರಿಗೆ ಒಂದು ಮಾತು: ಹತ್ತಿಯ ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೆನೆಸಿ ಒಣಗಿಸಿಯೇ ಟೈಲರಿಗೆ ಕೊಡಿ. ಇಲ್ಲದಿದ್ದರೆ ಎರಡನೇ ಸಲ ಹಾಕುವಾಗ ರವಿಕೆ ಒಳಗಿನಿಂದ ಜಗ್ಗುತ್ತದೆ, ಬೈಗುಳ ಟೈಲರಿಗೆ. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್, ರವಿಕೆ ಕಣ ಸೇರಿದರೆ ಆರೂಕಾಲರ ಹತ್ತಿರ. ತೀರಾ ಅಗ್ಗದ ಸೀರೆ ಆದರೆ ಟೇಪ್ ಹಿಡಿಸಿ. ನೆರಿಗೆ ಎರಡು ಕಡಿಮೆ ಬಂದ ಮೇಲೆ ಅತ್ತು ಪ್ರಯೋಜನ ಇಲ್ಲ.

ಹಳದಿ ಬಟ್ಟೆ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಅರಿಶಿನ ಹಚ್ಚುವ ದಿನ ಮನೆಯಲ್ಲಿದ್ದ ಹಳೇ ಸೀರೆ ಉಡುತ್ತಿದ್ದರು. ಈಗ ಹಳ್ಳಿಯಿಂದಲೂ ಬಂದು "ಹಳದಿ ಫಂಕ್ಷನ್ನಿಗೆ ಇಪ್ಪತ್ತು ಜನಕ್ಕೆ ಒಂದೇ ಥರ ಹಳದಿ" ಕೇಳುತ್ತಾರೆ. ನಮಗೆ ವ್ಯಾಪಾರ, ನಾನು ಯಾಕೆ ಬೇಡ ಅನ್ನಲಿ. ಆದರೆ ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ, ಹಳದಿ ಮೇಲೂ ಕಾಣುತ್ತದೆ. ಅದಕ್ಕೆ ದುಬಾರಿ ಬಟ್ಟೆ ಬೇಡ. ಉಳಿದ ದುಡ್ಡನ್ನು ಧಾರೆ ಸೀರೆಗೆ ಹಾಕಿ.

ಯಾವಾಗ ಬರಬೇಕು? ವಾರದ ನಡುವೆ, ಬೆಳಗ್ಗೆ, ಬೆಣ್ಣೆ ದೋಸೆ ತಿಂದುಕೊಂಡು. ಹಸಿದವರು ಬೇಗ ಒಪ್ಪಿಬಿಡುತ್ತಾರೆ, ಇದು ನನ್ನ ಅನುಭವ. ಭಾನುವಾರ ಸಂಜೆ ಹನ್ನೊಂದು ಜನ ಬಂದರೆ ಹನ್ನೊಂದು ಅಭಿಪ್ರಾಯ. ಉಡುವವಳು ಮಾತಾಡಲು ಜಾಗವೇ ಇರುವುದಿಲ್ಲ. ಮೂರು ಜನ ಸಾಕು.

ಆಷಾಢದ ಸೇಲ್ ಸುಳ್ಳಲ್ಲ. ಆ ತಿಂಗಳು ನಮ್ಮ ಕಡೆ ಮದುವೆ ಇಲ್ಲ, ಗಲ್ಲಾ ಖಾಲಿ, ಶ್ರಾವಣಕ್ಕೆ ಹೊಸ ಮಾಲು ಬರಬೇಕು, ಹಳೇದು ಜಾಗ ಬಿಡಬೇಕು. ದಿನಾ ಹಾಕುವ ಬಟ್ಟೆ, ಉಡುಗೊರೆ ಕೊಡುವ ಸೀರೆ ಆಗ ತೆಗೆಯಿರಿ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದೆಯಾ ಅಂತ ಮಾತ್ರ ಬಿಚ್ಚಿ ನೋಡಿ. ಶೇಕಡಾ 50ರ ಮೇಲೆ ಇನ್ನೂ 20 ಅಂದರೆ 70 ಅಲ್ಲ. ಸಾವಿರದ್ದು ಐನೂರಾಗಿ, ಆ ಐನೂರರಲ್ಲಿ ನೂರು ಹೋಗಿ, ನಾನ್ನೂರಕ್ಕೆ ನಿಲ್ಲುತ್ತದೆ. ಅಂದರೆ 60.

ಇನ್ನು ಬಿಲ್ಲು. ಹೊಲಿದ ಉಡುಪಿಗೆ ಸೆಪ್ಟೆಂಬರ್ 2025ರಿಂದ ಒಂದರ ಬೆಲೆ 2500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಜಾಸ್ತಿ ಬೆಲೆಯದಾದರೆ ಪೂರ್ತಿ ಬೆಲೆಗೆ 18. ಚೀಟಿಯಲ್ಲಿರುವ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಫೋನ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಅಂದರೆ ಒಪ್ಪಬೇಡಿ. ಹಾಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ಹರಿದದ್ದು, ನೇಯ್ಗೆ ಕೆಟ್ಟದ್ದು ಬಂದರೆ "ಮಾರಿದ ಮಾಲು ವಾಪಸ್ ಇಲ್ಲ" ಅನ್ನುವ ಬೋರ್ಡಿಗೆ ಹೆದರಬೇಡಿ. 2019ರ ಗ್ರಾಹಕ ಕಾನೂನಿನ ಪ್ರಕಾರ ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ವಾಪಸ್ ತಗೊಂಡು ದುಡ್ಡು ಕೊಡಬೇಕು, ಅವಧಿ ಬರೆದಿಲ್ಲದಿದ್ದರೆ 30 ದಿನ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. "ಅತ್ತೆಗೆ ಬಣ್ಣ ಹಿಡಿಸಲಿಲ್ಲ" ಅನ್ನುವುದು ದೋಷ ಅಲ್ಲ, ಅದು ನಮ್ಮ ನಿಮ್ಮ ನಡುವಿನ ಮಾತುಕತೆ. ನಗುತ್ತಾ ಬಂದರೆ ಬದಲಾಯಿಸಿ ಕೊಡುತ್ತೇವೆ.

ಬಿಲ್ಲನ್ನು ಅಲ್ಲೇ ಫೋಟೊ ಹೊಡೆದುಕೊಳ್ಳಿ. ಆ ನುಣುಪು ಕಾಗದದ ಅಕ್ಷರ ಬಿಸಿಲಿಗೆ, ಬೆವರಿಗೆ ಅಳಿಸಿಹೋಗುತ್ತದೆ. ಬಿಳೀ ಚೀಟಿ ಹಿಡಿದು ಬಂದು "ಇದೇ ಬಿಲ್ಲು ಅಣ್ಣಾ" ಅನ್ನುವವರಿಗೆ ನಾನು ಏನು ಮಾಡಲಿ? ಆ ಧಾರಾವಾಹಿ ಸೀರೆಯ ಫೋಟೊ ಅಳಿಸಿ ಜಾಗ ಮಾಡಿಕೊಳ್ಳಿ.